ಗೋಡಂಬಿಯಲ್ಲಿ ಹಂಚಿದ ಸ್ಪೇನ್

ಬೆಳಿಗ್ಗೆ ಸೋಫಾದ ಮೆತ್ತೆ ಎತ್ತಿ ಕೊಡವುತ್ತಿದ್ದೆ. ಸಂದಿಯಿಂದ ಒಂದು ಗೋಡಂಬಿ ಉರುಳಿ ನೆಲಕ್ಕೆ ಬಿತ್ತು. ಬಣ್ಣಗೆಟ್ಟು, ಮುಗ್ಗಲು ಹಿಡಿದು, ಇರುವೆಗೂ ಬೇಡವಾಗಿದ್ದ ಗೋಡಂಬಿ. ನಮ್ಮ ಮನೆಗೆಲಸದ ಗ್ರೇಸ್ ಅದನ್ನು ಗುಡಿಸಿಹಾಕಲು ಪೊರಕೆ ಚಾಚಿದಳು. ತಡಿ ಅಂತ ಕೈ ಅಡ್ಡ ಹಿಡಿದೆ. ಇದು ಗೋಡಂಬಿಯಲ್ಲ ಕಣೇ, ಕಾಡಿಜ್ ಅನ್ನೋ ಊರಲ್ಲಿ ನಾವು ಮಲಗಬೇಕಾಗಿದ್ದ ಒಂದು ರಾತ್ರಿ ಅಂತ ಹೇಳುವಷ್ಟು ಸ್ವಾಹಿಲಿ, ಇಷ್ಟು ವರ್ಷ ನೈರೋಬಿಯಲ್ಲಿದ್ದರೂ ನನಗೆ ಬಂದಿಲ್ಲ. "ಸವಾ, ಸವಾ", ಅಂದರೆ ಸರಿ ಸರಿ, ಅಂತಷ್ಟೇ ಅಂದೆ. ಅವಳು ನನ್ನ ಮುಖವನ್ನೊಮ್ಮೆ ನೋಡಿ ಅಡಿಗೆಮನೆಗೆ ಹೋದಳು.

ನಿಮಗಾದರೆ ಕನ್ನಡದಲ್ಲೇ ಹೇಳಬಹುದು, ಕೂತ್ಕೊಳ್ಳಿ. ನಾನು ಮೈಸೂರಿನವಳು, ಇಲ್ಲಿ ಹರ್ಲಿಂಗ್‌ಹ್ಯಾಮ್‌ನ ಒಂದು ಕ್ಲಿನಿಕ್ಕಿನಲ್ಲಿ ಹಲ್ಲಿನ ಡಾಕ್ಟರು. ಈ ಕೆಲಸದಲ್ಲಿ ಒಂದು ಸುಖವಿದೆ. ಎದುರಿಗೆ ಕೂತವರ ಬಾಯಿ ತೆರೆದೇ ಇರುತ್ತದೆ, ಆದರೆ ಒಂದು ಮಾತೂ ಆಡುವ ಹಾಗಿಲ್ಲ. ದಿನವೆಲ್ಲ ನಾನು ಹೇಳಿದ್ದೇ ಕೊನೆಯ ಮಾತು. ಸಂಜೆ ಮನೆಗೆ ಬಂದರೆ ಆ ಸೌಲಭ್ಯ ಇಲ್ಲ. ಮನೆಯಲ್ಲಿ ಮೂವರಿದ್ದಾರೆ: ನಮ್ಮ ಯಜಮಾನರು ಶ್ರೀಧರ, ಹದಿನಾರರ ಮಗಳು ಅದಿತಿ, ಜೊತೆಗೆ ನಮ್ಮತ್ತೆ. ಮೂವರಿಗೂ ಹಲ್ಲು ಗಟ್ಟಿ.

ಏಪ್ರಿಲ್ ರಜಕ್ಕೆ ಸ್ಪೇನಿಗೆ ಹೋಗೋಣ ಅಂತ ಹೊರಟಿದ್ದು ಅದಿತಿಯಿಂದ. ಅವಳು ಶಾಲೆಯಲ್ಲಿ ಸ್ಪ್ಯಾನಿಷ್ ಓದುತ್ತಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಉತ್ತರ ಮಾತ್ರ ಇಂಗ್ಲಿಷಿನಲ್ಲಿ, ಬೈಸಿಕೊಳ್ಳುವಾಗಲೂ ಹಾಗೇ. ಶ್ರೀಧರರ ಆಫೀಸು ಕೊಟ್ಟ ರಜ, ನನ್ನ ಕ್ಲಿನಿಕ್ಕಿನ ರಜ, ವಿಮಾನದ ಟಿಕೆಟ್ಟು ಎಲ್ಲ ಹೊಂದಿಸಿ ನೋಡಿದಾಗ ದಕ್ಷಿಣ ಸ್ಪೇನಿನಲ್ಲಿ ನಮಗೆ ದಕ್ಕಿದ್ದು ಒಂಬತ್ತು ರಾತ್ರಿ. ಊರುಗಳು ಆರು. ಸೆವಿಲ್, ಗ್ರನಾಡಾ, ಕೊರ್ಡೊಬಾ, ಕಾಡಿಜ್, ರೊಂಡಾ, ಮಾಲಗಾ. ಒಂದಕ್ಕಿಂತ ಒಂದು ಚೆಂದವಂತೆ.

ನನಗೆ ಬೇಕಾಗಿದ್ದುದು ಒಂದೇ ಊರು. ಹೋದ ದಿನ ಸೂಟ್‌ಕೇಸ್ ಬಿಚ್ಚಿ, ಸೀರೆ ಚೂಡಿದಾರ ಎಲ್ಲ ಬೀರುವಿನಲ್ಲಿ ಜೋಡಿಸಿ, ಖಾಲಿ ಸೂಟ್‌ಕೇಸನ್ನು ಮಂಚದ ಕೆಳಗೆ ತಳ್ಳಿ, ವಾಪಸು ಹೊರಡುವ ದಿನದವರೆಗೆ ಅದರ ಮುಖ ನೋಡಬಾರದು. ಇಷ್ಟೇ. ಇದೇನು ದೊಡ್ಡ ಆಸೆ ಅಂತ ನೀವು ನಗಬಹುದು. ಪರದೇಶದಲ್ಲಿದ್ದುಕೊಂಡು ವರ್ಷಕ್ಕೊಂದು ಸಲ ರಜಕ್ಕೆ ಊರಿಗೆ ಹೋಗುವವರನ್ನು ಕೇಳಿ ನೋಡಿ, ಅವರು ನಗೋದಿಲ್ಲ.

ಪ್ರತಿ ಡಿಸೆಂಬರಿನಲ್ಲೂ ನಮ್ಮದು ಒಂದೇ ಕಥೆ. ಮೂರು ವಾರದ ರಜ, ಹನ್ನೊಂದು ಮನೆ. ಜಯನಗರದ ನಾದಿನಿ ಮನೆಯಲ್ಲಿ ಮೂರು ರಾತ್ರಿ ಅಂದರೆ ಹಾಸನದ ಮೈದುನನ ಮನೆಯಲ್ಲೂ ಮೂರು ಆಗಲೇಬೇಕು. ನಮ್ಮಣ್ಣನ ಮನೆಯಲ್ಲಿ ಎರಡಾದರೆ ನಮ್ಮಕ್ಕನ ಮನೆಯಲ್ಲಿ ಎರಡು. ಇದರಲ್ಲಿ ಸೂಕ್ಷ್ಮಗಳಿವೆ. ಊಟ ಮುಗಿಸಿಕೊಂಡು ತಡವಾಗಿ ತಲುಪಿದರೆ ಅದು ಪೂರ್ತಿ ರಾತ್ರಿಯಲ್ಲ, ಅರ್ಧ. ಬೆಳಿಗ್ಗೆ ತಿಂಡಿಗೆ ಮುಂಚೆ ಹೊರಟರೆ ಅದೂ ಕಡಿತ. ಒಂದು ವರ್ಷ ರೈಲು ತಡವಾಗಿ ನಾದಿನಿಗೆ ಅರ್ಧ ರಾತ್ರಿ ಖೋತಾ ಆಯಿತು. ಮುಂದಿನ ವರ್ಷ ನಾವು ಹೋಗುವವರೆಗೂ ಫೋನಿನಲ್ಲಿ "ನಮ್ಮ ಮನೇಲಿ ಎರಡೂವರೆ ದಿನ ಇದ್ರಿ" ಅಂತಲೇ ಹೇಳಿದಳು. ಮಧ್ಯಾಹ್ನದ ಊಟಕ್ಕೆ ಮಾತ್ರ ದಕ್ಕಿದ ನೆಂಟರು ಪಾಯಸದ ಜೊತೆ ಚುಚ್ಚುಮಾತನ್ನೂ ಬಡಿಸುತ್ತಾರೆ. ನಾನು ಸೂಟ್‌ಕೇಸಿನ ಮೇಲೆ ಕೂತು ಜಿಪ್ ಎಳೆದೂ ಎಳೆದೂ ರಜ ಮುಗಿಸಿ, ನೈರೋಬಿಯ ವಿಮಾನ ಹತ್ತಿ ಕೂತ ಮೇಲೆ ಉಸ್ಸಪ್ಪಾ ಅಂತ ಕಾಲು ಚಾಚುತ್ತೇನೆ.

ಇದು ನನ್ನ ತಾಯಿಯ ಕಾಲದಿಂದ ಬಂದ ಕಾಯಿಲೆ. ಬೇಸಿಗೆ ರಜ ಬಂತೆಂದರೆ ಅಮ್ಮ ನೀಲಿ ಏರ್‌ಬ್ಯಾಗು ತೆಗೆದು ನಮ್ಮನ್ನು ಮೆರವಣಿಗೆ ಹೊರಡಿಸುತ್ತಿದ್ದಳು. ನಂಜನಗೂಡಿನ ದೊಡ್ಡಮ್ಮ, ಮಂಡ್ಯದ ಸೋದರಮಾವ, ಶ್ರೀರಂಗಪಟ್ಟಣದ ಚಿಕ್ಕಮ್ಮ. ಚಿಕ್ಕಮ್ಮನ ಮನೆಯಲ್ಲಿ ನನ್ನ ವಯಸ್ಸಿನ ಇಬ್ಬರು ಹುಡುಗಿಯರಿದ್ದರು. ಹಜಾರದ ಕೆಂಪು ನೆಲದ ಮೇಲೆ ಸೀಮೆಸುಣ್ಣದಲ್ಲಿ ಚೌಕಾಬಾರದ ಮನೆ ಬರೆದು ಆಟಕ್ಕೆ ಕೂತರೆ ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ನನ್ನ ಕಾಯಿ ಇನ್ನೇನು ಹಣ್ಣಾಗಬೇಕು, ಅಷ್ಟರಲ್ಲಿ ಅಮ್ಮ ಜಡೆ ಬಿಗಿಯೋಕೆ ಕರೆಯುತ್ತಿದ್ದಳು. ನಾಳೆ ಬೆಳಿಗ್ಗೆ ಬಸ್ಸು. ಇನ್ನೊಂದು ದಿನ ಇರೋಣ ಅಂತ ಅತ್ತರೆ, "ಮಾವ ಏನಂದ್ಕೋತಾರೆ?" ಅಂತ ಒಂದೇ ಉತ್ತರ. ಮಾವ ಏನೂ ಅಂದುಕೊಳ್ಳುತ್ತಿರಲಿಲ್ಲ ಅಂತ ಈಗ ಅನ್ನಿಸುತ್ತದೆ. ಅವರಿಗೆ ಪೇಪರು, ನಶ್ಯ ಎರಡಿದ್ದರೆ ಸಾಕಾಗಿತ್ತು.

ನಮ್ಮತ್ತೆಯದು ಇನ್ನೂ ದೊಡ್ಡ ಲೆಕ್ಕ. ಅವರನ್ನು ನಾವು ಮೂರು ಮನೆಯವರು ತಿಂಗಳ ಮೇಲೆ ಹಂಚಿಕೊಂಡಿದ್ದೇವೆ. ಮಾವನವರು ಹೋದ ಮೇಲೆ ಮಕ್ಕಳೆಲ್ಲ ಸೇರಿ ಪ್ರೀತಿಯಿಂದಲೇ ಮಾಡಿದ ಏರ್ಪಾಡು: ನಾಲ್ಕು ತಿಂಗಳು ಹಾಸನದಲ್ಲಿ ಚಿಕ್ಕ ಮಗನ ಮನೆ, ನಾಲ್ಕು ತಿಂಗಳು ನೈರೋಬಿಯಲ್ಲಿ ನಮ್ಮ ಮನೆ, ನಾಲ್ಕು ತಿಂಗಳು ಜಯನಗರದಲ್ಲಿ ಮಗಳ ಮನೆ. ಫೆಬ್ರವರಿಯಿಂದ ಮೇ ನಮ್ಮ ಸರದಿ. ಹಾಗಾಗಿ ಸ್ಪೇನು ಅತ್ತೆಯ ಪಾಲಿಗೂ ಬಂತು. "ಚಳಿಗೆ ಸ್ವೆಟರ್ ಹಾಕ್ಕೊಂಡ್ರಾಯ್ತು, ನಾನೂ ಬರ್ತೀನಿ" ಅಂದರು. ಅವರು ಊರೂರು ತಿರುಗಿ ಪಳಗಿದವರು.

ಯಾವ ಊರಿಗೆ ಎಷ್ಟು ರಾತ್ರಿ ಅಂತ ನಾನು ಮೊದಲು ಬಾಯಿ ಬಿಟ್ಟದ್ದು ಕ್ಲಿನಿಕ್ಕಿನಲ್ಲಿ. ಸ್ಪ್ರಿಂಗ್ ವ್ಯಾಲಿಯಲ್ಲಿರುವ ಫ್ಲೇವಿಯಾ ನನ್ನ ಹಳೆಯ ಪೇಷಂಟು, ಸ್ನೇಹಿತೆ, ಮಂಗಳೂರಿನವರು. ಎರಡು ಸಲ ಸ್ಪೇನಿಗೆ ಹೋಗಿ ಬಂದವರು. ಅವರ ದವಡೆ ಹಲ್ಲಿಗೆ ಸಿಮೆಂಟು ತುಂಬುತ್ತಾ, "ನಾನು ಒಂಬತ್ತು ರಾತ್ರೀನೂ ಒಂದೇ ಊರಲ್ಲಿ ಇರೋಣ ಅಂತಿದೀನಿ" ಅಂದೆ. ಬಾಯಿ ತೆರೆದುಕೊಂಡೇ ಅವರು ಕಣ್ಣು ಎಷ್ಟು ಅಗಲ ಮಾಡಿದರೆಂದರೆ ನೋವಾಯಿತೇನೋ ಅಂತ ನಾನು ಕೈ ತೆಗೆದೆ. ಬಾಯಿ ಮುಕ್ಕಳಿಸಿ ಉಗಿದ ಮರುಕ್ಷಣ ಶುರು ಮಾಡಿದರು. "ಎಂಥ ಹೇಳ್ತೀರಿ ಡಾಕ್ಟ್ರೇ. ಸೆವಿಲ್‌ಗೆ ಮೂರು ರಾತ್ರಿ ಕೊಡದಿದ್ರೆ ಸ್ಪೇನಿಗೆ ಹೋಗುವುದೇ ಬೇಡ ಮಾರಾಯ್ರೆ. ರೊಂಡಾ ಬಿಟ್ರೆ ಮತ್ತೆ ಜೀವಮಾನ ಇಡೀ ಬೇಜಾರು." ಮಾರನೆಯ ದಿನ ಡ್ರೈವರ್ ಕೈಯಲ್ಲಿ ಊರಿಂದ ತಂದ ಒಂದು ಡಬ್ಬಿ ಗೋಡಂಬಿ ಕಳಿಸಿದರು. ಹಲ್ಲು ಸರಿಯಾದ ಖುಷಿಗೆ.

ಆ ಗೋಡಂಬಿಯೇ ನಮ್ಮ ಪಂಚಾಯಿತಿಗೆ ಸಾಮಾನಾಯಿತು. ಭಾನುವಾರ ಕಾಫಿ ಕುಡಿದ ಮೇಲೆ ಶ್ರೀಧರ ಊಟದ ಮೇಜಿನ ಮೇಲೆ ಆರು ಸಾಸರ್ ಇಟ್ಟರು. ಒಂದೊಂದು ಸಾಸರ್ ಒಂದೊಂದು ಊರು. ಒಂದು ಗೋಡಂಬಿ ಅಂದರೆ ಒಂದು ರಾತ್ರಿ. ಎಣಿಸಿ ಒಂಬತ್ತು ತೆಗೆದು, ಡಬ್ಬಿಯ ಮುಚ್ಚಳ ಹಾಕಿ, ಪ್ರತಿ ಸಾಸರಿಗೂ ಒಂದೊಂದು ಹಾಕಿದರು. ಮೂರು ಉಳಿಯಿತು.

"ಸೆವಿಲ್ ದೊಡ್ಡದು, ಅದಕ್ಕೆ ಇನ್ನೊಂದು" ಅಂದರು.

"ಅದಕ್ಕೆ ಇನ್ನೊಂದು ಕೊಟ್ರೆ ಗ್ರನಾಡಾಗೂ ಕೊಡ್ಬೇಕು" ಅಂದೆ. ಒಂದೇ ಊರು ಅಂತ ಸೊಂಟ ಕಟ್ಟಿ ಕೂತಿದ್ದವಳು ನಾನು, ಸಾಸರ್ ನೋಡಿದ ಕೂಡಲೇ ನನಗರಿವಿಲ್ಲದೆ ಸಮಪಾಲಿಗೆ ಇಳಿದುಬಿಟ್ಟಿದ್ದೆ. ರಕ್ತದಲ್ಲೇ ಇದೆ ನೋಡಿ.

"ಹಾಗಾದ್ರೆ ಕೊರ್ಡೊಬಾ ಏನು ಪಾಪ ಮಾಡಿದೆ? ಅದಕ್ಕೂ ಒಂದು. ಎಲ್ಲಾ ಸಮ ಆಯ್ತು" ಅಂದರು ಶ್ರೀಧರ.

"ಎಲ್ಲಿ ಸಮ ಆಯ್ತು? ರೊಂಡಾಗೆ ಒಂದೇ. ಕಾಡಿಜ್‌ಗೆ ಒಂದೇ. ಸಮುದ್ರ ಇರೋ ಊರಿಗೆ ಸಂಜೆ ಹೋಗಿ ಬೆಳಿಗ್ಗೆ ಹೊರಟ್ರೆ ಅದೇನ್ರೀ ಚೆನ್ನಾಗಿರುತ್ತೆ?"

ಇವರು ಗಹನವಾಗಿ ಯೋಚಿಸುತ್ತಾ, ಕೈಗೆ ಸಿಕ್ಕಿದ್ದನ್ನು ಬಾಯಿಗೆ ಹಾಕಿಕೊಂಡು ಅಗಿದರು. ಅದಿತಿ ಮೊಬೈಲಿನಿಂದ ತಲೆ ಎತ್ತಿ, "ಅಪ್ಪ, ಯೂ ಜಸ್ಟ್ ಏಟ್ ಮಾಲಗಾ" ಅಂದಳು. ನೋಡಿದರೆ ಹೌದು, ಮಾಲಗಾದ ಸಾಸರ್ ಖಾಲಿ. ಡಬ್ಬಿಯಿಂದ ಇನ್ನೊಂದು ತೆಗೆದು ಇಡಬಹುದಾಗಿತ್ತು. ಇವರು ಅದನ್ನು ಬಿಟ್ಟು, ನ್ಯಾಯವಾಗಿ ಸೆವಿಲ್‌ನದೊಂದನ್ನು ಮಾಲಗಾಕ್ಕೆ ದಾಟಿಸಿ, "ಈಗ ಎಂಟೇ ಆಯ್ತಲ್ಲ" ಅಂತ ನಿಜವಾಗಿ ಚಿಂತೆಗೆ ಬಿದ್ದರು. ಇಂಥವರು ಒಂದು ದೊಡ್ಡ ಸಂಸ್ಥೆಯಲ್ಲಿ ಬರಗಾಲದ ಊರುಗಳಿಗೆ ಧಾನ್ಯ ಹಂಚುವ ವಿಭಾಗ ನೋಡಿಕೊಳ್ಳುತ್ತಾರೆ ಅಂದರೆ ನೀವು ನಂಬಬೇಕು.

ನನಗೆ ತಲೆ ಕೆಟ್ಟುಹೋಯಿತು. ಸಾಸರ್‌ಗಳ ಮೇಲೆ ಕಣ್ಣಾಡಿಸಿದರೆ ಆರೂ ಊರುಗಳಲ್ಲಿ ನಾನು ಬಗ್ಗಿ ಜಿಪ್ ಎಳೆಯುತ್ತಿರುವುದೇ ಕಾಣುತ್ತಿತ್ತು. "ನಾನು ಬರೋದೇ ಇಲ್ಲ. ಇಲ್ಲೇ ಕಿಲಿಮಾನಿಯಲ್ಲಿ ನನ್ನ ಹಾಸಿಗೆ ಮೇಲೆ ಬಿದ್ಕೊಂಡಿರ್ತೀನಿ. ನೀವು ಹೋಗಿ ಎಲ್ಲಾ ಊರಿಗೂ ಹಾಜರಿ ಹಾಕಿ ಬನ್ನಿ" ಅಂತ ದನಿ ಎತ್ತಿದೆ. ಐವತ್ತೆರಡು ವರ್ಷದ ಹೆಂಗಸು ರಜಕ್ಕಾಗಿ ಅಳುವುದು ಚೆನ್ನಾಗಿರೋಲ್ಲ ಅಂತ ಕಾಫಿ ಲೋಟ ಎತ್ತಿಕೊಂಡು ಮುಖಕ್ಕೆ ಅಡ್ಡ ಹಿಡಿದೆ. ಅದರಲ್ಲಿ ಕಾಫಿ ಇರಲಿಲ್ಲ.

ಅಲ್ಲಿಯವರೆಗೆ ಅತ್ತೆ ಕಿಟಕಿ ಪಕ್ಕ ಕೂತು ಹುರುಳಿಕಾಯಿ ನಾರು ತೆಗೆಯುತ್ತಿದ್ದರು. ರಾತ್ರಿಗಳ ಲೆಕ್ಕದಲ್ಲಿ ನಮ್ಮ ಮನೆಯ ಸುಪ್ರೀಂ ಕೋರ್ಟು ಅವರೇ. ಯಾರ ಮನೆಗೆ ಎಷ್ಟು ಹೊತ್ತಿಗೆ ಹೋಗಿ ಎಷ್ಟು ಹೊತ್ತಿಗೆ ಹೊರಟೆವು ಅನ್ನುವುದು ಅವರ ಬಾಯಲ್ಲೇ ಇರುತ್ತದೆ. ಇನ್ನು ನನ್ನ ಕಥೆ ಮುಗಿಯಿತು ಅಂದುಕೊಂಡೆ.

"ಲೋ ಶ್ರೀಧರ, ಆ ರೊಂಡಾದಲ್ಲಿ ನಮ್ಮವರು ಯಾರಿದಾರೋ?" ಅಂದರು.

"ಯಾರೂ ಇಲ್ಲಮ್ಮ."

"ಕೊರ್ಡೊಬಾದಲ್ಲಿ?"

"ಅಲ್ಲಿ ಯಾರಿರ್ತಾರಮ್ಮ? ಯಾರೂ ಇಲ್ಲ."

"ಮತ್ತೆ ಹೋಗದಿದ್ರೆ ಬೇಜಾರು ಮಾಡ್ಕೊಳೋರು ಯಾರೋ?"

ಶ್ರೀಧರ ಬಾಯಿ ತೆರೆದರು, ಮುಚ್ಚಿದರು. ನನ್ನ ಕ್ಲಿನಿಕ್ಕಿನ ಕುರ್ಚಿಯಲ್ಲಿ ಕೂತವರ ಹಾಗೆ ಆಗಿದ್ದರು. "ಬೇಜಾರಿನ ಪ್ರಶ್ನೆ ಅಲ್ಲಮ್ಮ. ಅಷ್ಟು ದೂರ ಹೋದ್ಮೇಲೆ ಎಲ್ಲಾ ಕವರ್ ಮಾಡ್ಬೇಕಲ್ಲ" ಅಂದರು. ಅಷ್ಟರಲ್ಲಿ ನಾನು ಎದ್ದಿದ್ದೆ. ಐದು ಸಾಸರ್‌ನ ಗೋಡಂಬಿಯನ್ನೂ ಗ್ರನಾಡಾದ ಸಾಸರಿಗೆ ಸುರಿದೆ. ರಭಸಕ್ಕೆ ಕಾಡಿಜ್‌ನ ಒಂದು ಹಾರಿ ಸೋಫಾ ಕಡೆ ಉರುಳಿತು. ಹುಡುಕುವ ವ್ಯವಧಾನ ಯಾರಿಗಿತ್ತು?

ಗ್ರನಾಡಾನೇ ಯಾಕೆ ಅಂತ ಅದಿತಿ ಕೇಳಿದಳು. ಆ ಊರಿನ ಒಂದು ಬಾಡಿಗೆ ಮನೆಯ ಫೋಟೋದಲ್ಲಿ ಬಾಲ್ಕನಿ ಕಂಬಿಯ ಮೇಲೆ ಯಾರದೋ ಟವೆಲ್ ಒಣಗುತ್ತಿತ್ತು. ಫೋಟೋ ತೆಗೆಯುವವರು ಅದನ್ನು ತೆಗೆದಿಡುವುದನ್ನು ಮರೆತಿದ್ದರು. ಜನ ವಾಸ ಮಾಡುವ ಊರು ಅಂತ ನನಗೆ ಧೈರ್ಯ ಬಂದಿದ್ದು ಆ ಟವೆಲ್‌ನಿಂದ. ಜೊತೆಗೆ ಆ ಕಟ್ಟಡಕ್ಕೆ ಲಿಫ್ಟ್ ಇತ್ತು, ಅತ್ತೆಯ ಮಂಡಿಗೆ ಅನುಕೂಲ. ಶ್ರೀಧರ ಅಷ್ಟು ಸುಲಭಕ್ಕೆ ಬಿಡಲಿಲ್ಲ. ವಾರವೆಲ್ಲ ಗೊಣಗಿ, ಇಲ್ಲಿಯ ಮಟಾಟು ಮಿನಿಬಸ್ಸಿನ ಕಂಡಕ್ಟರ್ ಜೊತೆ ಚೌಕಾಸಿ ಮಾಡುವವರ ಹಾಗೆ ಹಿಂದೆ ಮುಂದೆ ಎಳೆದಾಡಿ, ಕೊನೆಗೆ ತಾವೂ ಅದಿತಿಯೂ ಮೂರು ರಾತ್ರಿಯ ಮಟ್ಟಿಗೆ ಸೆವಿಲ್, ಕೊರ್ಡೊಬಾ ನೋಡಿ ಬರುವುದು ಅಂತ ಒಪ್ಪಿಸಿದರು. "ಧಾರಾಳವಾಗಿ ಹೋಗಿ. ಬಟ್ಟೆ ಚೀಲದಲ್ಲಿ ತುಂಬ್ಕೊಂಡು ಹೋಗಿ. ನನ್ನ ಸೂಟ್‌ಕೇಸ್ ಕದಲೋಲ್ಲ" ಅಂದೆ. ಬೇರೆಯವರು ಏನಾದರೂ ಗೆದ್ದಾಗ ಎದೆಯುಬ್ಬಿಸುತ್ತಾರಂತೆ. ನಾನು ಆವತ್ತು ಕ್ಲಿನಿಕ್ಕಿಗೆ ಹೋಗಿ ಮೂರು ಹಲ್ಲು ಕಿತ್ತೆ, ಮೂರೂ ಬೆಣ್ಣೆಯಂತೆ ಬಂದವು.

ಗ್ರನಾಡಾದ ಅರಮನೆ ಬಗ್ಗೆ ನಾನು ಏನೂ ಹೇಳೋಲ್ಲ, ಬರೆದವರು ಬೇಕಾದಷ್ಟಿದ್ದಾರೆ. ನಾಲ್ವರೂ ಹೋಗಿ ನೋಡಿದೆವು, ಕತ್ತು ಎತ್ತಿ ಎತ್ತಿ ಕುತ್ತಿಗೆ ನೋವು ಬಂತು. ನಾನು ಹೇಳಬೇಕಾದ್ದು ಆ ಮನೆಯ ಬೀರುವಿನ ಬಗ್ಗೆ. ಹಳೆಯ ಮರದ್ದು, ಒಳಗೆ ಸೋಪಿನ ವಾಸನೆ. ಹೋದ ದಿನವೇ ಒಂದು ಕಡೆ ನನ್ನದು, ಒಂದು ಕಡೆ ಅತ್ತೆಯದು ಅಂತ ಜೋಡಿಸಿದೆವು. ಅತ್ತೆ ಮೊದಲು ನಾಲ್ಕು ಸೀರೆ ಮಾತ್ರ ತೆಗೆದರು. "ಎಲ್ಲಾ ತೆಗೀರಿ ಅತ್ತೆ, ಎಲ್ಲೂ ಹೋಗ್ತಿಲ್ಲ ನಾವು" ಅಂದೆ. ನನ್ನ ಮುಖ ನೋಡಿ, ಪೆಟ್ಟಿಗೆಯ ತಳದಲ್ಲಿದ್ದ ಔಷಧಿ ಡಬ್ಬಿ, ಜಪಮಣಿ, ಮಾವನವರ ಸಣ್ಣ ಫೋಟೋ ಎಲ್ಲವನ್ನೂ ಒಂದೊಂದಾಗಿ ತೆಗೆದು ಅಡ್ಡಹಲಗೆಯ ಮೇಲಿಟ್ಟರು.

ಅಪ್ಪ ಮಗಳು ಸೆವಿಲ್‌ಗೆ ಹೊರಟ ಮೇಲೆ ಅತ್ತೆ ಸೊಸೆ ಇಬ್ಬರದೇ ರಾಜ್ಯ. ಬೆಳಿಗ್ಗೆ ನಾನು ತಂದಿದ್ದ ಸಾರಿನಪುಡಿಯಲ್ಲಿ ಸಾರು, ಅನ್ನ. ಹೋಟೆಲುಗಳಲ್ಲಿ ಮಾಂಸ ಬೇಡ ಅಂದರೆ ಅವರು ಸಂತೋಷವಾಗಿ ಮೀನು ಹಾಕಿ ತರುತ್ತಿದ್ದರು, ಅದಕ್ಕೇ ಆ ಕಡೆ ತಲೆ ಹಾಕಲಿಲ್ಲ. ಸಂಜೆ ಮನೆ ಮುಂದಿನ ಸಣ್ಣ ಚೌಕದಲ್ಲಿ ಕಿತ್ತಳೆ ಮರದ ಕೆಳಗೆ ಬೆಂಚು. ಆ ಹೊತ್ತಿಗೆ ಅಲ್ಲಿಯ ಮುದುಕಿಯರು ತಲೆ ಬಾಚಿ, ಲಿಪ್‌ಸ್ಟಿಕ್ ಹಚ್ಚಿ, ಒಳ್ಳೆಯ ಕೋಟು ಹಾಕಿಕೊಂಡು ಬಂದು ಕೂರುತ್ತಾರೆ. ಮೊದಲ ಸಂಜೆ, ಅಪ್ಪ ಮಗಳು ಹೊರಡುವ ಹಿಂದಿನ ದಿನ, ಅತ್ತೆ ಬೇರೆ ಬೆಂಚಿನಲ್ಲಿ ಕೂತಿದ್ದರು. ಎರಡನೆಯ ಸಂಜೆ ಅವರಲ್ಲೊಬ್ಬಳು ಅತ್ತೆಯ ಸೀರೆಯ ಸೆರಗು ಮುಟ್ಟಿ ನೋಡಿ ಏನೋ ಅಂದಳು. ಮೂರನೆಯ ಸಂಜೆ ನಾವು ಹೋದಾಗ ಅವರೆಲ್ಲ ಒತ್ತಿಕೊಂಡು ಕೂತು ಅತ್ತೆಗೆ ನಡುವೆ ಜಾಗ ಬಿಟ್ಟರು. ಒಬ್ಬಳು ತನ್ನ ಮಂಡಿ ಮುಟ್ಟಿ ಮುಖ ಸಿಂಡರಿಸಿದಳು. ಅತ್ತೆ ತಮ್ಮ ಮಂಡಿ ಮುಟ್ಟಿ, "ಅಯ್ಯೋ, ನಂದೂ ಅಷ್ಟೇ ಕಣಮ್ಮ, ಮಳೆಗಾಲದಲ್ಲಂತೂ ಕೇಳ್ಬೇಡ" ಅಂದರು. ಅಲ್ಲಿಂದ ಮುಂದೆ ಅವರು ಸ್ಪ್ಯಾನಿಷಿನಲ್ಲಿ, ಇವರು ಕನ್ನಡದಲ್ಲಿ, ಒಂದು ಗಂಟೆ ಮಾತು ನಿಲ್ಲಲಿಲ್ಲ.

ಮಾರನೆಯ ಬೆಳಿಗ್ಗೆ ಕಾಫಿ ಲೋಟ ಹಿಡಿದುಕೊಂಡು ಅತ್ತೆ ನನಗೊಂದು ಮಾತು ಹೇಳಿದರು. "ಶೈಲಾ, ಇವತ್ತು ಎದ್ದೋಳು ಯೋಚ್ನೆ ಮಾಡ್ದೆ ನೆಟ್ಟಗೆ ಬಚ್ಚಲಿಗೆ ಹೋದೆ ಕಣೆ. ಜಯನಗರದಲ್ಲಿ ಎಡಗಡೆ, ಹಾಸನದಲ್ಲಿ ಅಡಿಗೆಮನೆ ಆಚೆ, ನಿಮ್ಮಲ್ಲಿ ಬಲಗಡೆ. ಒಂದೊಂದು ಕಡೆ ಹೋದಾಗ್ಲೂ ಮೊದಲ ಒಂದು ತಿಂಗಳು ಗೋಡೆಗೆ ಕೈ ಇಟ್ಕೊಂಡು ನಿಂತು ಇದು ಯಾರ ಮನೆ ಅಂತ ಜ್ಞಾಪಿಸ್ಕೊಂಡು ಹೊರಡ್ತೀನಿ. ಜ್ಞಾಪಿಸ್ಕೊಳ್ದೆ ಹೋಗೋಷ್ಟು ಅಭ್ಯಾಸ ಆಗೋ ಹೊತ್ತಿಗೆ ಟಿಕೆಟ್ ಬಂದಿರುತ್ತೆ." ನಗುತ್ತಲೇ ಹೇಳಿದರು. ನನಗೆ ನಗು ಬರಲಿಲ್ಲ. ಒಂಬತ್ತು ರಾತ್ರಿಗೆ ನಾನು ಮನೆಯೆಲ್ಲ ಒಂದು ಮಾಡಿ ಕೂಗಾಡಿದ್ದೆ. ಈ ಹೆಂಗಸು ಆರು ವರ್ಷದಿಂದ ತುಟಿಪಿಟಕ್ಕೆಂದಿರಲಿಲ್ಲ.

ಅಪ್ಪ ಮಗಳು ಮೂರನೆಯ ರಾತ್ರಿಯನ್ನು ಬಿಟ್ಟುಕೊಟ್ಟು ಒಂದು ದಿನ ಮುಂಚೆಯೇ ವಾಪಸು ಬಂದರು. ಇವರ ಕಾಲಲ್ಲಿ ಬೊಬ್ಬೆ, ಅವಳ ಮೊಬೈಲಿನಲ್ಲಿ ಎಣಿಸಲಾರದಷ್ಟು ಫೋಟೋ. "ಸೆವಿಲ್ ಚೆನ್ನಾಗಿದೆ, ಆದ್ರೆ ನೀವಿಬ್ರೂ ಏನ್ ಮಾಡ್ತಿದೀರೋ ಅಂತ ಅನ್ನಿಸ್ತಿತ್ತು" ಅಂದರು ಶ್ರೀಧರ. "ಅಜ್ಜಿ ಹ್ಯಾಸ್ ಫ್ರೆಂಡ್ಸ್" ಅಂತ ಅದಿತಿ ಬೆಂಚಿನ ಕಡೆ ಬಾಯಿ ಬಿಟ್ಟುಕೊಂಡು ನೋಡಿದಳು. ಉಳಿದ ದಿನಗಳಲ್ಲಿ ಯಾರೂ ಎಲ್ಲಿಗೂ ಹೋಗೋಣ ಅನ್ನಲಿಲ್ಲ. ರೊಂಡಾ, ಕಾಡಿಜ್ ಇವತ್ತಿಗೂ ನಮ್ಮ ಮೇಲೆ ಮುನಿಸಿಕೊಂಡ ಸುದ್ದಿ ಬಂದಿಲ್ಲ.

ನಾವು ನೈರೋಬಿಗೆ ಬಂದಿಳಿದಾಗ ಇಲ್ಲಿ ಮಳೆಗಾಲ. ಮೇ ತಿಂಗಳು ಹೇಗೋ ಕಳೆದುಹೋಯಿತು. ಕೊನೆಯ ಭಾನುವಾರ ಜಯನಗರದಿಂದ ನಾದಿನಿಯ ವಿಡಿಯೋ ಕಾಲ್ ಬಂತು. "ಅಮ್ಮ, ಇನ್ನು ನಮ್ಮ ಸರದಿ. ಮುಂದಿನ ಶನಿವಾರಕ್ಕೆ ಟಿಕೆಟ್ ನೋಡಿದೀನಿ" ಅಂದಳು.

ಅತ್ತೆ ಕನ್ನಡಕ ಸರಿಮಾಡಿಕೊಂಡು ಫೋನನ್ನು ಮುಖದ ಹತ್ತಿರಕ್ಕೆ ಹಿಡಿದರು. "ನಾನು ಬರಲ್ಲ ಕಣೆ."

"ಯಾಕಮ್ಮ, ಹುಷಾರಿಲ್ವಾ?"

"ಗುಂಡುಕಲ್ಲಿನ ಹಾಗಿದೀನಿ. ನನ್ನ ನೋಡ್ಬೇಕು ಅನ್ಸಿದ್ರೆ ನೀನೇ ಬಾ. ಹಾಸನದೋನಿಗೂ ಹೇಳು. ಎಷ್ಟು ದಿನ ಬೇಕಾದ್ರೂ ಇದ್ದು ಹೋಗಿ. ನಾನು ಇಲ್ಲೇ ಇರ್ತೀನಿ."

"ಇಲ್ಲೇ ಅಂದ್ರೆ? ಎಷ್ಟು ತಿಂಗಳು?"

"ತಿಂಗಳಿಲ್ಲ ವಾರ ಇಲ್ಲ. ಇಲ್ಲೇ."

ನಾನು ಒಗ್ಗರಣೆ ಸೌಟು ಹಿಡಿದುಕೊಂಡು ಅಡಿಗೆಮನೆ ಬಾಗಿಲಲ್ಲಿ ನಿಂತಿದ್ದೆ. ಶ್ರೀಧರ ಪೇಪರಿನ ಹಿಂದಿನಿಂದ ನನ್ನನ್ನೇ ನೋಡುತ್ತಿದ್ದರು, ಆಕಾಶ ಈಗ ಬಿತ್ತು ಆಗ ಬಿತ್ತು ಅನ್ನುವ ಹಾಗೆ. ನಿಜ ಹೇಳುತ್ತೇನೆ, ನನಗೂ ಒಂದು ಗಳಿಗೆ ಎದೆ ಧಸಕ್ಕೆಂದಿತು. ವರ್ಷದಲ್ಲಿ ಎಂಟು ತಿಂಗಳು ಅಡಿಗೆಮನೆಯಲ್ಲಿ ನಾನು ಹಾಕಿದ್ದೇ ಉಪ್ಪು, ಅದು ಇನ್ನಿಲ್ಲ. ಆದರೆ ಅದರ ಹಿಂದೆಯೇ ಇನ್ನೊಂದು ಹೊಳೆಯಿತು. ಮೂರು ಮನೆಯಲ್ಲಿ ಹೆತ್ತ ಮಗಳ ಮನೆಯನ್ನು ಬಿಟ್ಟು, ಬೆಂಗಳೂರು ಹಾಸನ ಎರಡನ್ನೂ ಬಿಟ್ಟು, ಈ ಜೋರು ಬಾಯಿಯ ಸೊಸೆ ಇರುವ ಮನೆಯನ್ನು ಅವರು ಆರಿಸಿಕೊಂಡಿದ್ದರು. ಹಿಗ್ಗಿಗೆ ಕಣ್ಣು ತುಂಬಿ ಬಂತು. ಈ ಸಲ ಮುಖಕ್ಕೆ ಏನನ್ನೂ ಅಡ್ಡ ಹಿಡಿಯೋಕೆ ಹೋಗಲಿಲ್ಲ.

ಫೋನಿನಲ್ಲಿ ನಾದಿನಿಯ ದನಿ ಸಣ್ಣದಾಗಿತ್ತು. "ಅಲ್ಲಮ್ಮ, ಅತ್ತಿಗೇನ ಒಂದು ಮಾತು ಕೇಳಿದ್ಯಾ?"

ಅತ್ತೆ ನನ್ನ ಕಡೆ ತಿರುಗಿದರು. ಅವರು ಕೇಳಿರಲಿಲ್ಲ. ಕೇಳಬೇಕಿತ್ತೇನೋ ಅನ್ನುವ ಅಳುಕು ಆಗ ತಾನೇ ಅವರ ಮುಖದಲ್ಲಿ ಮೂಡುತ್ತಿತ್ತು. ಅದು ಪೂರ್ತಿ ಮೂಡುವ ಮುಂಚೆ ನಾನು ನಾಲ್ಕು ಹೆಜ್ಜೆ ಹಾಕಿ ಅವರ ಕೈಯಿಂದ ಫೋನು ಇಸಿದುಕೊಂಡೆ.

"ಕೇಳಿಲ್ಲ. ಅವರ ಮನೇಲಿ ಅವರಿರೋಕೆ ನನ್ನನ್ಯಾಕೆ ಕೇಳ್ಬೇಕು?" ಅಂದೆ.